ಆಸಿಡ್ಡಿಗೆ ಕರಗದ ಕಲ್ಲು

ಬೆಂಕಿಪೊಟ್ಟಣದಲ್ಲಿ ಹತ್ತಿ ಹಾಸಿ, ಅದರ ಮೇಲೆ ಒಂದು ಕಲ್ಲಿಟ್ಟುಕೊಂಡು ಅವರು ಔಷಧಿ ಕಿಟಕಿಗೆ ಬಂದರು. ಜೋಳದ ಕಾಳಿಗಿಂತ ಚಿಕ್ಕದು, ಬೂದು ಬಣ್ಣ. ಬೆಳಿಗ್ಗೆ ಮೂತ್ರದಲ್ಲಿ ಬಿತ್ತು ಎಂದರು. ಹಿಂದಿನ ಎರಡು ದಿನ ಪಕ್ಕೆ ಹಿಡಿದುಕೊಂಡು ಚಾಪೆಯ ಮೇಲೆ ಹೊರಳಾಡಿದ್ದರಂತೆ. ಈಗ ನೋವು ನಿಂತಿತ್ತು, ಮುಖದಲ್ಲಿ ಗೆದ್ದು ಬಂದವರ ಕಳೆ ಇತ್ತು. ಮೂತ್ರದ ಕಲ್ಲು ಊರಿಗೆ ಹೊಸದಲ್ಲ. ನಾನು ಪೊಟ್ಟಣದ ಮೇಲೆ ಹೆಸರು ಬರೆದು ಡಾಕ್ಟರ ಮೇಜಿನ ಮೇಲಿಟ್ಟೆ.

ದೇವನಹಳ್ಳಿ ಕಡೆಯ ವಿಜಯಪುರದಿಂದ ಬಸ್ಸಿನಲ್ಲಿ ಅರ್ಧ ಗಂಟೆ ದೂರದ ಊರು ಅದು, ಹೆಸರು ಬೇಡ. ಎಪ್ಪತ್ತರ ದಶಕ ಅರ್ಧ ಕಳೆದಿತ್ತು. ನಾನು ಅಲ್ಲಿಯ ಸರ್ಕಾರಿ ಡಿಸ್ಪೆನ್ಸರಿಯ ಕಾಂಪೌಂಡರ್. ಕಾಂಪೌಂಡರ್ ಎಂದರೆ ಬರೀ ಮಿಕ್ಸ್ಚರ್ ಕಲಸುವವನಲ್ಲ. ಗಾಯ ಕಟ್ಟುವುದು, ಸೂಜಿ ಕುದಿಸುವುದು, ಮೂತ್ರ ಕಾಯಿಸಿ ಸಕ್ಕರೆ ನೋಡುವುದು, ಡಾಕ್ಟರು ಕ್ಯಾಂಪಿಗೆ ಹೋದಾಗ ಅರ್ಧ ಡಾಕ್ಟರಾಗಿ ಮೆರೆಯುವುದು, ಎಲ್ಲವೂ ನನ್ನ ಪಾಲಿಗೆ. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಹೆಂಡತಿ ಚೊಚ್ಚಲ ಬಸುರಿ.

ಕಲ್ಲು ತಂದವರು ರೇಷ್ಮೆ ನೂಲು ತೆಗೆಯುವ ಕಸುಬಿನವರು, ಐವತ್ತರ ಆಸುಪಾಸು. ನಾನು ಅವರನ್ನು ಭಾಯಿ ಎನ್ನುತ್ತಿದ್ದೆ. ಒಬ್ಬ ಯಜಮಾನರ ಶೆಡ್ಡಿನಲ್ಲಿ ಬೆಳಿಗ್ಗೆ ಏಳಕ್ಕೆ ಚರಕದ ಮುಂದೆ ಕೂತರೆ ಸಂಜೆಯವರೆಗೆ ಏಳುವಂತಿರಲಿಲ್ಲ. ಮುಂದೆ ಕುದಿಯುವ ನೀರಿನ ಬಾನಿ, ಅದರಲ್ಲಿ ಗೂಡುಗಳು, ಬೆರಳ ತುದಿಯಲ್ಲಿ ಎಳೆಗಳು. ಎದ್ದರೆ ಎಳೆ ತುಂಡಾಗುತ್ತದೆ, ಯಜಮಾನರ ಬಾಯಿ ತೆರೆಯುತ್ತದೆ. ಅದಕ್ಕೇ ಅವರು ನೀರನ್ನೇ ಕುಡಿಯುತ್ತಿರಲಿಲ್ಲ. ಮೈಯಿಂದ ಬೆವರು ಇಳಿಯುತ್ತಲೇ ಇತ್ತು, ಬಾಯಿಗೆ ಮಾತ್ರ ಏನೂ ಹೋಗುತ್ತಿರಲಿಲ್ಲ.

ಅವರಿಗೆ ಹೊಟ್ಟೆಹುಣ್ಣಿತ್ತು. ನಾಲ್ಕು ವರ್ಷದ ಹಿಂದೆ, ಆಗಿನ ಡಾಕ್ಟರು ಒಂದು ಬಿಳಿ ಪುಡಿ ಬರೆದಿದ್ದರು. ಮ್ಯಾಗ್ನೀಸಿಯಂ ಟ್ರೈಸಿಲಿಕೇಟ್ ಎಂದು ಅದರ ಹೆಸರು. ಊರಿನವರ ಬಾಯಲ್ಲಿ ಹೊಟ್ಟೆಪುಡಿ. ಊಟವಾದ ಮೇಲೆ ಒಂದು ಚಿಕ್ಕ ಚಮಚ, ಹತ್ತು ದಿನ, ಬೇಕಾದರೆ ಮತ್ತೆ ಅಷ್ಟೇ ಎಂದು ಚೀಟಿಯಲ್ಲಿತ್ತು. ನಮ್ಮ ಡಿಸ್ಪೆನ್ಸರಿಗಳಲ್ಲಿ ಆ 'ಮತ್ತೆ ಅಷ್ಟೇ' ಎಂಬುದಕ್ಕೆ ಸಾವಿರ ವರ್ಷ ಆಯುಸ್ಸು. ಡಾಕ್ಟರು ವರ್ಗವಾಗಿ ಹೋದರೂ ಚೀಟಿ ಉಳಿಯುತ್ತದೆ. ರೋಗಿ ಅದನ್ನು ಟೊಪ್ಪಿಗೆಯೊಳಗೋ ಎಲೆ-ಅಡಿಕೆ ಸಂಚಿಯೊಳಗೋ ಇಟ್ಟುಕೊಂಡು ತಿರುಗುತ್ತಾನೆ, ಕಿಟಕಿಗೆ ನೇರವಾಗಿ ಬಂದು ತೋರಿಸುತ್ತಾನೆ, ಕಾಂಪೌಂಡರ್ ಕೊಡುತ್ತಾನೆ. ಭಾಯಿಯ ಚೀಟಿ ಎರಡು ವರ್ಷದಲ್ಲಿ ಮಡಿಕೆಯಲ್ಲೇ ಹರಿದುಹೋಯಿತು. ಆಮೇಲೆ ನಾನು ಚೀಟಿ ಕೇಳುವುದನ್ನೂ ಬಿಟ್ಟೆ. ಹತ್ತು ದಿನಕ್ಕೊಮ್ಮೆ ಚರಕ ಬಿಟ್ಟು ಬಂದರೆ ಅವರಿಗೆ ಅರ್ಧ ದಿನದ ಕೂಲಿ ಹೋಗುತ್ತಿತ್ತು. ಪಾಪ ಎಂದುಕೊಂಡು ಅವರು ತಂದ ಬಿಸ್ಕತ್ತಿನ ಡಬ್ಬಿಯನ್ನೇ ತುಂಬಿಸಿಕೊಡತೊಡಗಿದೆ. ಪುಡಿ ದೊಡ್ಡ ಡಬ್ಬಗಳಲ್ಲಿ ಬರುತ್ತಿತ್ತು, ಯಾರೂ ಅಳೆದು ನೋಡುತ್ತಿರಲಿಲ್ಲ. ಒಳ್ಳೆಯ ಕೆಲಸ ಮಾಡುತ್ತಿದ್ದೇನೆಂದು ನನಗೆ ನಿಜವಾಗಿ ಅನಿಸುತ್ತಿತ್ತು. ಅವರು ಆಗಲೇ ಚಮಚ ಬಿಟ್ಟು ಅಂಗೈಗೆ ಸುರಿದುಕೊಂಡು ನೆಕ್ಕುವ ಹಂತಕ್ಕೆ ಬಂದಿದ್ದರು.

ಕಲ್ಲನ್ನು ಡಾಕ್ಟರು ಬೆಂಗಳೂರಿನ ಒಂದು ಪರೀಕ್ಷಾಲಯಕ್ಕೆ ಕಳಿಸಿದರು. ಮೂರು ವಾರಕ್ಕೆ ಉತ್ತರ ಬಂತು. ಸುಣ್ಣದ ಅಂಶ ಇಲ್ಲ, ಮೂತ್ರಕಲ್ಲಿನಲ್ಲಿ ಸಾಮಾನ್ಯವಾಗಿ ಸಿಗುವ ಯಾವ ಲವಣವೂ ಇಲ್ಲ, ಇರುವುದು ಸಿಲಿಕಾ, ಅಂದರೆ ಮರಳು. ದೇಹದಲ್ಲಿ ಹುಟ್ಟಿದ್ದಲ್ಲ, ಹೊರಗಿನದು ಎಂದು ಕೊನೆಗೊಂದು ಸಾಲು. ನಮ್ಮ ಡಾಕ್ಟರು ಕೆಟ್ಟವರಲ್ಲ. ಆದರೆ ರಜದ ಚೀಟಿಗಾಗಿ ಬೆರಳು ಚುಚ್ಚಿ ಮೂತ್ರಕ್ಕೆ ರಕ್ತ ಬೆರೆಸಿ ತಂದವರನ್ನು ಅವರು ಕಂಡಿದ್ದರು, ಒಮ್ಮೆ ಮೋಸ ಹೋಗಿದ್ದರು. ಭಾಯಿ ಆ ತಿಂಗಳಲ್ಲಿ ಎರಡು ಸಲ ರಜ ಹಾಕಿದ್ದರಿಂದ ಯಜಮಾನರು ಡಾಕ್ಟರ ಚೀಟಿ ಬೇಕೆಂದಿದ್ದರು. ಡಾಕ್ಟರು ಚೀಟಿ ಕೊಟ್ಟರು. ರೋಗಿ ತಂದ ಕಲ್ಲು ರಸ್ತೆಯ ಮರಳು, ರೋಗ ನಂಬತಕ್ಕದ್ದಲ್ಲ ಎಂದು ಅದರಲ್ಲಿ ಬರೆದಿದ್ದರು.

ವಾರದೊಳಗೆ ಭಾಯಿಯ ಚರಕದ ಮುಂದೆ ಬೇರೊಬ್ಬರು ಕೂತಿದ್ದರು. ಊರು ಸುಮ್ಮನಿರುತ್ತದೆಯೇ? ಚಹಾ ಅಂಗಡಿಯಲ್ಲಿ ಅವರನ್ನು ಕಂಡವರು, ಮನೆ ಕಟ್ಟಿಸಬೇಕು ಭಾಯಿ, ಎರಡು ಗಾಡಿ ಮರಳು ಬೇಕಿತ್ತು ಎಂದು ಕಾಲೆಳೆದರು. ಅವರು ಚಹಾ ಅಂಗಡಿಗೆ ಹೋಗುವುದನ್ನೇ ಬಿಟ್ಟರು. ನನ್ನ ಕಿಟಕಿಗೆ ಮಾತ್ರ ಬಂದರು. ಒಂದು ಕೈಯಲ್ಲಿ ಡಬ್ಬಿ, ಇನ್ನೊಂದು ಕೈ ಪಕ್ಕೆಯ ಮೇಲೆ. ನೋವು ಮತ್ತೆ ಶುರುವಾಗಿತ್ತು. ಹೊಟ್ಟೆಯ ನೋವು, ಪಕ್ಕೆಯ ನೋವು ಎಂದು ಅವರು ಬೇರೆ ಮಾಡುತ್ತಿರಲಿಲ್ಲ. ಎಲ್ಲ ನೋವಿಗೂ ಪುಡಿ. ನಾನು ಡಬ್ಬಿಯನ್ನು ಒತ್ತಿ ಒತ್ತಿ ತುಂಬಿಸಿದೆ.

"ನೀವಾದ್ರೂ ನಂಬ್ತೀರಾ ಸ್ವಾಮಿ?" ಎಂದರು.

ನಂಬುತ್ತೇನೆ ಎಂದೆ. ನಿಜ ಹೇಳುವುದಾದರೆ ನಂಬಿರಲಿಲ್ಲ. ಅಚ್ಚಿನ ಕಾಗದ ಹೇಳಿದ ಮೇಲೆ ಮನುಷ್ಯನ ಮಾತಿಗೆ ಏನು ಬೆಲೆ! ಆದರೂ ಅವರ ಮುಖ ನೋಡಲಾಗದೆ ಒಂದು ಉಪಾಯ ಹೇಳಿದೆ. ದಿನವೂ ಡಿಸ್ಪೆನ್ಸರಿಗೇ ಬಂದು, ಬ್ಯಾಂಡೇಜ್ ಬಟ್ಟೆ ಕಟ್ಟಿದ ಎನಾಮಲ್ ಬೇಸಿನ್ನಿಗೆ ನನ್ನೆದುರೇ ಮೂತ್ರ ಮಾಡಬೇಕು. ಅಂಗಿಯ ತೋಳು ಮೊಣಕೈವರೆಗೆ ಮಡಿಸಿರಬೇಕು, ಅಂಗೈ ತೋರಿಸಬೇಕು. ಐದು ಹೊತ್ತು ನಮಾಜು ಮಾಡುವ, ಮೈಮುಚ್ಚಿ ಬದುಕಿದ ಮನುಷ್ಯನಿಗೆ ಇದನ್ನು ಹೇಳುವಾಗ ನನಗೇ ನಾಚಿಕೆಯಾಯಿತು. ಅವರು ಗೋಡೆ ನೋಡುತ್ತಾ ಆಗಲಿ ಎಂದರು.

ಹಿಂದಿನ ಡ್ರೆಸ್ಸಿಂಗ್ ಕೋಣೆಯಲ್ಲಿ ಆರು ದಿನ ಇದು ನಡೆಯಿತು. ನಾನು ಬೇಸಿನ್ ಹಿಡಿದು ನಿಲ್ಲುವುದು, ಅವರು ಕಣ್ಣು ಮುಚ್ಚಿಕೊಳ್ಳುವುದು. ಕಡು ಹಳದಿ ಮೂತ್ರ, ಅರ್ಧ ಲೋಟವೂ ಆಗುತ್ತಿರಲಿಲ್ಲ. ಏಳನೆಯ ಬೆಳಿಗ್ಗೆ ಅವರು ಬಾಗಿ ಕಿಟಕಿಯ ಕಂಬಿ ಹಿಡಿದುಕೊಂಡರು. ಹಣೆಯಿಂದ ಬೆವರು ತೊಟ್ಟಿಕ್ಕಿತು. ಮೊದಲು ನಾಲ್ಕು ಹನಿ ರಕ್ತ, ಆಮೇಲೆ ಬೇಸಿನ್ನಿನ ಅಂಚಿಗೆ ತಾಗಿ ಬಟ್ಟೆಗೆ ಬಿದ್ದ ಒಂದು ಸಣ್ಣ ಸದ್ದು. ಬೂದು ಬಣ್ಣದ ಅದೇ ಜಾತಿಯ ಕಲ್ಲು. ಅವರು ಅಲ್ಲೇ ಕುಕ್ಕರಗಾಲಲ್ಲಿ ಕೂತು ಅತ್ತರು.

ಒದ್ದೆ ಬಟ್ಟೆಯ ಸಮೇತ ಡಾಕ್ಟರ ಬಳಿಗೆ ಓಡಿದೆ. ಅವರು ಕಲ್ಲನ್ನು ತಿರುಗಿಸಿ ನೋಡಿ, ಬಾಯೊಳಗೆ ಇಟ್ಟುಕೊಂಡಿದ್ದರೆ ನಿನಗೆ ಗೊತ್ತಾಗುತ್ತಿತ್ತೇ ಎಂದು ಕೇಳಿದರು. ನಾನು ಬಾಯಿ ನೋಡಿರಲಿಲ್ಲ. ಅವರು ಬೇರೆ ರೋಗಿಯನ್ನು ಕರೆದರು.

ಸಿಟ್ಟಿನಿಂದಲೇ ಆ ಮಧ್ಯಾಹ್ನ ನಾನೇ ಪರೀಕ್ಷೆಗೆ ಕೂತೆ. ತರಬೇತಿಯಲ್ಲಿ ಕಲಿತದ್ದು ಅಷ್ಟಿಷ್ಟು ನೆನಪಿತ್ತು. ಕಲ್ಲಿನ ಒಂದು ಚೂರನ್ನು ಉಪ್ಪಿನ ಆಮ್ಲಕ್ಕೆ, ಅಂದರೆ ಹೈಡ್ರೋಕ್ಲೋರಿಕ್ ಆಸಿಡ್ಡಿಗೆ ಹಾಕಿದೆ. ಸುಣ್ಣದ ಕಲ್ಲಾಗಿದ್ದರೆ ಕರಗಬೇಕು. ಇದು ತಳದಲ್ಲಿ ಕೂತೇ ಇತ್ತು. ನೈಟ್ರಿಕ್ ಆಮ್ಲದಲ್ಲಿ ಇನ್ನೊಂದು ಚೂರನ್ನು ಕಾಯಿಸಿ, ಒಣಗಿಸಿ, ಅಮೋನಿಯಾ ತಾಗಿಸಿದೆ. ಯೂರಿಕ್ ಆಮ್ಲದ ಕಲ್ಲಾಗಿದ್ದರೆ ನೇರಳೆ ಬಣ್ಣ ಬರಬೇಕು. ಬರಲಿಲ್ಲ. ಬ್ಲೇಡಿನ ತುದಿಯಲ್ಲಿಟ್ಟು ಸ್ಪಿರಿಟ್ ದೀಪಕ್ಕೆ ಹಿಡಿದೆ. ಸುಡಲಿಲ್ಲ, ನಾತವಿಲ್ಲ, ಹೊಗೆಯಿಲ್ಲ. ಕಾಗದ ಹೇಳಿದ್ದು ಸರಿ, ಮರಳೇ. ಮನುಷ್ಯನ ಮೈಯಿಂದ ಬಂದದ್ದೂ ಸರಿ, ಕಣ್ಣಾರೆ ಕಂಡಿದ್ದೇನೆ. ಎರಡೂ ಹೇಗೆ ಸರಿಯಾಗುತ್ತವೆ ಎಂದು ತಲೆ ಕೆಟ್ಟುಹೋಯಿತು.

ಉತ್ತರ ಎರಡು ದಿನದ ಮೇಲೆ ಕಲ್ಲುಹಾಸಿನ ಮೇಜಿನ ಮೇಲೆಯೇ ಸಿಕ್ಕಿತು. ಹೊಟ್ಟೆಪುಡಿ ಕಟ್ಟಿ ಮುಗಿಸಿ, ಒರೆಸದೆ, ಹಸಿವಿಲ್ಲದವರಿಗೆ ಕೊಡುವ ಆಮ್ಲದ ಮಿಕ್ಸ್ಚರ್ ಕಲಸಲು ನಿಂತೆ. ಆಮ್ಲ ಕೈತಪ್ಪಿ ಚೆಲ್ಲಿತು. ಚೆಲ್ಲಿದ ಕಡೆ ಉಳಿದಿದ್ದ ಪುಡಿ ಗಂಜಿಯಂತೆ ಲೋಳೆಯಾಯಿತು. ಒರೆಸಲು ಹೋದವನು ನಿಂತೆ. ಹೊಟ್ಟೆಯಲ್ಲಿರುವುದೂ ಇದೇ ಆಮ್ಲ. ಲೋಳೆಯನ್ನು ಒಂದು ಗಾಜಿನ ಬಿಲ್ಲೆಗೆ ಎತ್ತಿ ಬಿಸಿಲಿಗಿಟ್ಟೆ. ಸಂಜೆಗೆ ಅದು ಒಣಗಿ ಗರಗರ ಎನ್ನುವ ಬೂದು ಹರಳಾಗಿತ್ತು. ಆಮ್ಲಕ್ಕೆ ಹಾಕಿದೆ. ಕರಗಲಿಲ್ಲ. ದೀಪಕ್ಕೆ ಹಿಡಿದೆ. ಸುಡಲಿಲ್ಲ.

ಔಷಧಿ ಗ್ರಂಥ ತೆಗೆದೆ. ಹೊಟ್ಟೆಯ ಆಮ್ಲದಲ್ಲಿ ಈ ಪುಡಿ ಒಡೆದು ಸಿಲಿಕಾ ಲೋಳೆಯಾಗಿ ಹುಣ್ಣಿನ ಮೇಲೆ ಹರಡುತ್ತದೆ, ಅದೇ ಅದರ ಗುಣ ಎಂದಿತ್ತು. ಅದರಲ್ಲಿ ಸ್ವಲ್ಪ ರಕ್ತಕ್ಕೆ ಇಳಿದು ಮೂತ್ರಕ್ಕೆ ಹೋದರೆ, ನೀರೇ ಕುಡಿಯದವನ ಕಿಡ್ನಿಯಲ್ಲಿ ಏನಾಗುತ್ತದೆ ಎಂದು ಗ್ರಂಥದಲ್ಲಿರಲಿಲ್ಲ. ಅದನ್ನು ಹೇಳಲು ಗ್ರಂಥ ಬೇಕಿರಲಿಲ್ಲ. ಸ್ಟೂಲಿನ ಮೇಲೆ ಕೂತೆ. ಡಾಕ್ಟರು ಬರೆದದ್ದು ಹತ್ತು ದಿನಕ್ಕೆ. ನಾಲ್ಕು ವರ್ಷ ತಿನ್ನಿಸಿದವನು ನಾನು.

ಮರುದಿನ ಭಾಯಿ ಡಬ್ಬಿ ಹಿಡಿದು ಬಂದಾಗ ಪುಡಿ ಮುಗಿದಿದೆ ಎಂದೆ. ಬೆನ್ನ ಹಿಂದೆ ಡಬ್ಬ ತುಂಬಿಕೊಂಡೇ ಇತ್ತು. ಯಾಕೆ ಕೊಡುವುದಿಲ್ಲವೆಂದು ಹೇಳಲಿಲ್ಲ. ಹೇಳಿದರೆ ಡಾಕ್ಟರಿಗೆ ತಿಳಿಯುತ್ತದೆ, ಚೀಟಿಯಿಲ್ಲದೆ ಔಷಧಿ ಕೊಟ್ಟವನ ಕೆಲಸ ನಿಲ್ಲುತ್ತದೆ. ಹೇಳದಿದ್ದರೆ ಈ ಮನುಷ್ಯ ಸುಳ್ಳುಗಾರನಾಗಿಯೇ ಸಾಯುತ್ತಾನೆ. ಪುಡಿಯಿಲ್ಲದೆ ಅವರ ಹುಣ್ಣು ಕೆರಳಿತು. ಹಾಲು ಕುಡಿಯಿರಿ, ಕೊಡಗಟ್ಟಲೆ ನೀರು ಕುಡಿಯಿರಿ ಎಂದು ಕಿಟಕಿಯಿಂದ ಉಪದೇಶ ಮಾಡಿದೆ. ದಿನವೂ ಬಂದು ಸ್ಟಾಕು ಬಂತೇ ಎಂದು ಕೇಳಿ, ಕಿಟಕಿಯ ಕಟ್ಟೆಗೆ ಹೊಟ್ಟೆ ಒತ್ತಿಕೊಂಡು ಸ್ವಲ್ಪ ಹೊತ್ತು ನಿಂತು ಹೋಗುತ್ತಿದ್ದರು. ನನಗೆ ಮನೆಯಲ್ಲಿ ಅನ್ನ ಸೇರುತ್ತಿರಲಿಲ್ಲ. ಇವತ್ತು ಹೇಳುತ್ತೇನೆ ಎಂದುಕೊಂಡು ಹೋಗುವುದು, ನಾಳೆ ಎಂದುಕೊಂಡು ಬರುವುದು. ಹೀಗೆ ಒಂಬತ್ತು ದಿನ. ನನ್ನ ಹೇಡಿತನಕ್ಕೆ ಬೇರೆ ಹೆಸರು ಹುಡುಕಿ ಪ್ರಯೋಜನವಿಲ್ಲ.

ಹತ್ತನೆಯ ದಿನ ಅವರ ಹೆಂಡತಿ ಬಂದರು. ಹಿಂದಿನ ದಿನದಿಂದ ಮೂತ್ರ ಒಂದು ಹನಿಯೂ ಬಂದಿಲ್ಲ, ಮುಖ ಊದಿದೆ, ಬಿಕ್ಕಳಿಕೆ ನಿಲ್ಲುತ್ತಿಲ್ಲ ಎಂದರು. ಡಾಕ್ಟರು ದೇವನಹಳ್ಳಿಯ ಕ್ಯಾಂಪಿಗೆ ಹೋಗಿದ್ದರು. ಮನೆಗೆ ಹೋಗಿ ಅವರ ಕೆಳಹೊಟ್ಟೆ ಮುಟ್ಟಿ ನೋಡಿದೆ, ಖಾಲಿ. ಮೂತ್ರ ಚೀಲದಲ್ಲಿ ತಡೆದು ನಿಂತಿಲ್ಲ, ತಯಾರಾಗುವ ಜಾಗದಿಂದಲೇ ಕೆಳಗಿಳಿಯುತ್ತಿಲ್ಲ. ಇನ್ನು ಬದುಕಿದರೆ ಒಂದು ದಿನ, ಹೆಚ್ಚೆಂದರೆ ಎರಡು ದಿನ. ಆಗ ಬುದ್ಧಿ ಬಂತು. ರಜದ ಅರ್ಜಿಯನ್ನು ಡಾಕ್ಟರ ಮೇಜಿನ ಮೇಲಿಟ್ಟು, ಡಿಸ್ಪೆನ್ಸರಿಗೆ ಬೀಗ ಹಾಕಿ, ಹತ್ತೂವರೆಯ ಬಸ್ಸಿಗೆ ಅವರನ್ನು ಹತ್ತಿಸಿದೆ. ಪುಡಿಯ ಒಂದು ಪೊಟ್ಟಣ, ಕಲ್ಲಿನ ಉಳಿದ ಚೂರು, ಒಣಗಿಸಿದ ಹರಳು ಜೇಬಿನಲ್ಲಿದ್ದವು.

ಬೆಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿ ರಜಕ್ಕೆಂದು ಬರೆಸಿ, ಯಜಮಾನರು ಹಿಂದಿರುಗಿಸಿದ್ದ ಚೀಟಿಯೇ ಅವರಿಗೆ ಅಡ್ಡ ಬಂತು. ಹೆಂಡತಿ ಕಾಗದಗಳನ್ನೆಲ್ಲ ಗಂಟಿನಲ್ಲಿ ಕಟ್ಟಿ ತಂದಿದ್ದರು. ನಮ್ಮ ಡಾಕ್ಟರ ಸಾಲನ್ನು ಓದಿದ ಕಿರಿಯ ವೈದ್ಯರು ಬೆಂಚಿನ ಮೇಲೆ ಕೂರಲು ಹೇಳಿ ಹೋದರು. ಒಂದು ಗಂಟೆ ಆಯಿತು, ಎರಡಾಯಿತು. ಭಾಯಿ ಗೋಡೆಗೆ ತಲೆಯಾನಿಸಿ ಬಿಕ್ಕುತ್ತಿದ್ದರು. ನಾನು ಎದ್ದು, ಕೇಳದೆ, ಹಿರಿಯ ಶಸ್ತ್ರವೈದ್ಯರ ಕೋಣೆಗೆ ನುಗ್ಗಿದೆ. ಜೇಬಿನಲ್ಲಿದ್ದ ಮೂರನ್ನೂ ಮೇಜಿನ ಮೇಲಿಟ್ಟೆ. ಪುಡಿ ಯಾವುದು, ಎಷ್ಟು, ಎಷ್ಟು ವರ್ಷ, ಆಮ್ಲದಲ್ಲಿ ಏನಾಯಿತು, ಒಂದೇ ಉಸಿರಿಗೆ ಹೇಳಿದೆ.

"ಇಷ್ಟು ಕೊಟ್ಟೋರು ಯಾರು?" ಎಂದು ಅವರು ಕೇಳಿದರು.

"ನಾನೇ ಸಾರ್," ಎಂದೆ. "ಡಾಕ್ಟ್ರು ಬರ್ದಿದ್ದು ಹತ್ತು ದಿನಕ್ಕೆ."

ಅವರು ಬಯ್ಯಲಿಲ್ಲ. ಪರದೇಶದ ಪತ್ರಿಕೆಯಲ್ಲಿ ಇಂಥದ್ದೊಂದನ್ನು ಓದಿದ ನೆನಪು, ಬಲು ಅಪರೂಪ, ತಾವು ಕಂಡಿರಲಿಲ್ಲ ಎಂದರು. ಹೇಳುತ್ತಲೇ ಎದ್ದಿದ್ದರು. ಎಕ್ಸ್‌ರೇಯಲ್ಲಿ ಕಲ್ಲುಗಳು ಮಬ್ಬು ನೆರಳಿನಂತೆ ಕಂಡವು, ಹುಡುಕಿದವರಿಗೆ ಮಾತ್ರ ಕಾಣುವಷ್ಟು. ಕೆಳಗಿನಿಂದ ಸಣ್ಣ ನಳಿಕೆ ಏರಿಸಿ ಬಲಗಡೆಯ ತಡೆ ದಾಟಿಸಿದರು. ನಾಲ್ಕು ಗಂಟೆಯ ಹೊತ್ತಿಗೆ ಬಾಟಲಿಗೆ ಮೂತ್ರ ಇಳಿಯತೊಡಗಿತು. ಅದನ್ನು ನೋಡುತ್ತಾ ನೆಲದ ಮೇಲೆ ಕೂತೆ. ವಾರದ ಮೇಲೆ ಪಕ್ಕೆ ಕೊಯ್ದು ಬಲಗಡೆಯ ಕಲ್ಲು ತೆಗೆದರು. ಎಡಗಡೆಯ ಕಿಡ್ನಿ ಎಂದೋ ಸತ್ತುಹೋಗಿತ್ತು.

ಮುಂದಿನ ಭಾನುವಾರ ವಾರ್ಡಿಗೆ ಹೋಗಿ ಭಾಯಿಗೆ ಎಲ್ಲ ಹೇಳಿದೆ. ಪುಡಿಯ ವಿಷಯ, ಸ್ಟಾಕಿಲ್ಲವೆಂದು ಹೇಳಿದ ಸುಳ್ಳು, ಸತ್ತ ಕಿಡ್ನಿ. ಅವರು ಛಾವಣಿ ನೋಡುತ್ತಾ ಕೇಳಿಸಿಕೊಂಡರು. ಬಯ್ದುಬಿಟ್ಟರೆ ಸಾಕು ಎನಿಸುತ್ತಿತ್ತು.

"ಹಂಗಾರೆ ಅದು ನನ್ನೊಳಗೇ ಆಗಿದ್ದು ತಾನೇ?" ಎಂದರು.

ಹೌದು ಎಂದೆ.

"ಅಷ್ಟು ಸಾಕು ಸ್ವಾಮಿ," ಎಂದು ಮಗ್ಗುಲಾದರು.

ಶಸ್ತ್ರವೈದ್ಯರು ನಮ್ಮ ಡಿಸ್ಪೆನ್ಸರಿಗೆ ಪತ್ರ ಬರೆದರು. ಕಲ್ಲುಗಳು ನಿಜವಾದವು, ವರ್ಷಗಟ್ಟಲೆ ತಿಂದ ಹೊಟ್ಟೆಪುಡಿಯಿಂದ ಆದವು, ಇಷ್ಟು ಪುಡಿ ರೋಗಿಗೆ ಎಲ್ಲಿಂದ ಸಿಕ್ಕಿತೆಂದು ವಿಚಾರಿಸತಕ್ಕದ್ದು ಎಂದಿತ್ತು. ನನ್ನ ಹೆಸರನ್ನು ಅವರು ಬರೆದಿರಲಿಲ್ಲ. ಅದನ್ನು ಹೇಳಬೇಕಾದವನು ನೀನು ಎಂದು ನನಗೆ ಮೊದಲೇ ಹೇಳಿದ್ದರು. ನಾನು ಮತ್ತೆ ದಿನ ದೂಡಿದೆ. ಡಾಕ್ಟರು ಪತ್ರವನ್ನು ಎರಡು ಸಲ ಓದಿ ಡ್ರಾಯರಿಗೆ ಹಾಕಿದರು, ಭಾಯಿ ಊರಿಗೆ ಬಂದ ದಿನ ಹೊರಗೆ ತೆಗೆದರು. ಅವರ ಮುಖದಲ್ಲೂ ನಿದ್ದೆ ಇರಲಿಲ್ಲ. ರಸ್ತೆಯ ಮರಳು ಎಂದು ರುಜು ಹಾಕಿ ಕೊಟ್ಟವರು ಅವರು.

ಹೇಳಿಕೆ ಬರೆದುಕೊಳ್ಳಲು ನನ್ನನ್ನೇ ಕೂರಿಸಿದರು. ಭಾಯಿ ಕೋಲೂರಿಕೊಂಡು ಬಂದು ಕುರ್ಚಿಯ ತುದಿಯಲ್ಲಿ ಕೂತರು. ಈಗ ಅವರು ಬಾಯಿ ತೆರೆದರೆ ನನ್ನ ಹೆಸರೇ ಬರಬೇಕು. ಬರಲಿ ಎಂದುಕೊಂಡೆ, ನಾನೇ ಹೇಳುವ ಕಷ್ಟ ತಪ್ಪುತ್ತದೆ ಎಂದೂ ಅಂದುಕೊಂಡೆ. ಪುಡಿ ಎಲ್ಲಿ ಸಿಗುತ್ತಿತ್ತು ಎಂದು ಡಾಕ್ಟರು ಕೇಳಿದರು. ಭಾಯಿ ನನ್ನ ಕಡೆ ನೋಡಲಿಲ್ಲ.

"ಬೆಂಗ್ಳೂರಲ್ಲಿ ಅಂಗ್ಡೀಲಿ ತಗೋತಿದ್ದೆ ಸ್ವಾಮಿ. ಯಜಮಾನ್ರ ಜೊತೆ ನೂಲು ಹಾಕಕ್ಕೆ ಹೋದಾಗೆಲ್ಲ ತರ್ತಿದ್ದೆ. ಇಲ್ಲಿ ಕೊಟ್ಟಿದ್ದು ಹತ್ತೇ ದಿನದ್ದು."

ಪೆನ್ನು ನಿಂತಿತು. ಡಾಕ್ಟರು ಯಾವ ಅಂಗಡಿ ಎಂದು ಕೇಳಲಿಲ್ಲ, ಎಷ್ಟು ಸಲ ಎಂದು ಕೇಳಲಿಲ್ಲ. ಬಾಯಿ ತೋರಿಸು, ಅಂಗೈ ತೋರಿಸು ಎನ್ನಲಿಲ್ಲ. ಅವರ ಹೆಗಲು ಇಳಿದದ್ದು ನನಗೆ ಕಾಣಿಸಿತು. ಬರೆದುಕೋ ಎಂದು ನನಗೆ ಹೇಳಿದರು. ಅಲ್ಲ ಸಾರ್, ಕೊಟ್ಟವನು ನಾನು ಎನ್ನಬೇಕಿತ್ತು. ನಾನು ಬರೆದೆ.

ಭಾಯಿ ಕೆಳಗೆ ಉರ್ದುವಿನಲ್ಲಿ ನಿಧಾನವಾಗಿ ರುಜು ಮಾಡಿದರು. ಡಾಕ್ಟರು ಎದ್ದು ಬಂದು ಅವರ ಹೆಗಲ ಮೇಲೆ ಕೈಯಿಟ್ಟರು.

"ನೋಡಿ ಸಾಹೇಬ್ರೆ, ಮೊದ್ಲೇ ಹಿಂಗೆ ನಿಜ ಹೇಳಿದ್ರೆ ಇಷ್ಟೆಲ್ಲ ಆಗ್ತಿರ್ಲಿಲ್ಲ," ಎಂದರು.

"ತಪ್ಪಾಯ್ತು ಸ್ವಾಮಿ," ಎಂದರು ಭಾಯಿ.

ಡಾಕ್ಟರು ಕಾಗದವನ್ನು ನನ್ನ ಕಡೆ ತಳ್ಳಿದರು. ಸಾಕ್ಷಿ ಎಂದಿದ್ದ ಕಡೆ ನಾನು ರುಜು ಹಾಕಿದೆ.